ಹತ್ತೇ ಸೆಕೆಂಡಿನಲ್ಲಿ ಮುಗಿದ ಆಟ

ಪ್ರಶ್ನೆ: ನಾನು ದಕ್ಷಿಣ ಕೊಡಗಿನವಳು. ಓದಲು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯಕ್ಕೆ ಹೋಗಿದ್ದೆ. ಮೊದಲ ಚಳಿಗಾಲದಲ್ಲಿ ಮನೆ ನೆನಪು ಜಾಸ್ತಿಯಾಗಿ, ಒಂದು ಶುಕ್ರವಾರ ರಾತ್ರಿ ರೂಮಿನ ಗೆಳತಿಯ ಜೊತೆ ಕ್ಯಾಂಪಸ್ಸಿನಲ್ಲೇ ಇರುವ ಮರಿಯೂಚಿ ಅರೀನಾಗೆ ಐಸ್ ಹಾಕಿ ನೋಡಲು ಹೋದೆ. ಕೋಲಿದೆ, ಗೋಲಿದೆ ಅನ್ನುವುದು ಬಿಟ್ಟರೆ ನಮ್ಮ ಹಾಕಿಗೂ ಅದಕ್ಕೂ ಏನು ಸಂಬಂಧ ಅಂತ ತಿಳಿಯಲಿಲ್ಲ. ಆದರೆ ಎರಡನೇ ವಾರವೂ ಹೋದೆ, ಮೂರನೇ ವಾರವೂ ಹೋದೆ. ಆಮೇಲೆ ಬಿಡಲೇ ಇಲ್ಲ. 2023ರ ಏಪ್ರಿಲ್ 8ರಂದು ನಮ್ಮ ಟೀಮ್ ಟ್ಯಾಂಪಾದಲ್ಲಿ ಫೈನಲ್ ಆಡಿತು. ನಾವು ಡಿಂಕಿಟೌನ್‌ನ ಒಂದು ಹೋಟೆಲಿನಲ್ಲಿ ದೊಡ್ಡ ಟಿವಿ ಮುಂದೆ ಒತ್ತಾಗಿ ನಿಂತು ನೋಡಿದೆವು. 2-0 ಮುಂದಿದ್ದೆವು. 2-1 ಆಯಿತು, 2-2 ಆಯಿತು. ಹೆಚ್ಚುವರಿ ಅವಧಿ ಶುರುವಾಗುವಾಗ ನಾನು ಜಾಕೆಟ್ ಎತ್ತಿಕೊಳ್ಳಲು ಬಗ್ಗಿದೆ, ತಲೆ ಎತ್ತುವಷ್ಟರಲ್ಲಿ ಆಟ ಮುಗಿದಿತ್ತು. ಆ ಗೋಲನ್ನು ನಾನು ನೋಡಲೇ ಇಲ್ಲ. ಊರಿನಲ್ಲಿ ಅಮ್ಮ ಬೆಳಗಿನ ಜಾವವೇ ಎದ್ದು ನನ್ನ ಸಲುವಾಗಿ ಸ್ಕೋರ್ ನೋಡುತ್ತಿದ್ದರು. ಫೋನ್ ಮಾಡಿ "ಏನಾಯ್ತು ಮಗಳೇ" ಅಂದಾಗ ಮಾತೇ ಬರಲಿಲ್ಲ. ಈಗ ಕೆಲಸ ಸಿಕ್ಕಿ ಬೇರೆ ಊರಿನಲ್ಲಿದ್ದೇನೆ. ಇವತ್ತಿಗೂ ಆ ರಾತ್ರಿ ನೆನಪಾದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನನಗೆ ಹುಟ್ಟಿನಿಂದ ಬಂದ ಆಟವಲ್ಲ, ನನ್ನ ದೇಶದ ಟೀಮ್ ಅಲ್ಲ, ಆಡಿದ ಒಬ್ಬನ ಪರಿಚಯವೂ ಇಲ್ಲ. ಇಷ್ಟು ನೋವು ಯಾಕೆ?
— ಓದುಗಿ, ಅಮೆರಿಕದಿಂದ

ಉತ್ತರ: ನಿಮ್ಮ ಪತ್ರ ಬಂದು ಎರಡು ವಾರವಾಯಿತು. ಸುಮ್ನೆ ಎರಡು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ, ಅದಕ್ಕೇ ತಡ.

ಬೇರೆ ಓದುಗರಿಗಾಗಿ ಆ ಪಂದ್ಯದ ಕಥೆ ಮೊದಲು ಹೇಳುತ್ತೇನೆ. ಅಮೆರಿಕದಲ್ಲಿ ಕಾಲೇಜು ಐಸ್ ಹಾಕಿಯ ಪ್ರಶಸ್ತಿಗೆ ಪ್ರತಿ ವರ್ಷ 16 ಟೀಮ್‌ಗಳು ಆಡುತ್ತವೆ. ಸೋತರೆ ಅಲ್ಲಿಗೆ ಮುಗಿಯಿತು, ಇನ್ನೊಂದು ಅವಕಾಶ ಇಲ್ಲ. ಕೊನೆಗೆ ಉಳಿಯುವ ನಾಲ್ಕು ಟೀಮ್‌ಗಳ ಹಂತಕ್ಕೆ ಫ್ರೋಜನ್ ಫೋರ್ ಅನ್ನುತ್ತಾರೆ. 2023ರಲ್ಲಿ ಮಿನ್ನೆಸೋಟದ ಗೋಫರ್ಸ್ ಮೊದಲ ಶ್ರೇಯಾಂಕದ ಟೀಮ್. ಸೆಮಿಫೈನಲ್‌ನಲ್ಲಿ ಬಾಸ್ಟನ್ ಯೂನಿವರ್ಸಿಟಿಯನ್ನು 6-2ರಿಂದ ಸೋಲಿಸಿ ಬಂದಿದ್ದರು. ಎದುರಿಗೆ ಕನೆಕ್ಟಿಕಟ್‌ನ ಕ್ವಿನಿಪಿಯಾಕ್. ಅವರಿಗೆ ಅದುವರೆಗೆ ಒಂದು ಪ್ರಶಸ್ತಿಯೂ ಇರಲಿಲ್ಲ. ಗೋಫರ್ಸ್‌ಗೆ ಐದು ಇದ್ದವು, ಆದರೆ ಕೊನೆಯದು ಬಂದಿದ್ದು 2003ರಲ್ಲಿ. ಇಪ್ಪತ್ತು ವರ್ಷ ಕಾದ ಜನ ಅವರು. ಮೂರನೇ ಅವಧಿ ಮುಗಿಯಲು 2 ನಿಮಿಷ 47 ಸೆಕೆಂಡ್ ಇರುವಾಗ ಕ್ವಿನಿಪಿಯಾಕ್‌ನ ಕಾಲಿನ್ ಗ್ರಾಫ್ ಗೋಲು ಹೊಡೆದು 2-2 ಮಾಡಿದ. ಹೆಚ್ಚುವರಿ ಅವಧಿ ಶುರುವಾದ ಹತ್ತನೇ ಸೆಕೆಂಡಿಗೆ ಜೇಕಬ್ ಕ್ವಿಲನ್ ಒಳಗೆ ನುಗ್ಗಿ, ಗೋಲ್‌ಕೀಪರ್ ಜಸ್ಟಿನ್ ಕ್ಲೋಸ್‌ನನ್ನು ತಪ್ಪಿಸಿ ಪಕ್ ಅನ್ನು, ಅಂದರೆ ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆಯನ್ನು, ಬಲೆಗೆ ಹಾಕಿದ. ಹತ್ತು ಸೆಕೆಂಡ್ ಅಂದರೆ ಹತ್ತೇ ಸೆಕೆಂಡ್. ಕಾಲೇಜು ಫೈನಲ್‌ಗಳ ಹೆಚ್ಚುವರಿ ಅವಧಿಯಲ್ಲಿ ಅಷ್ಟು ಬೇಗ ಯಾರೂ ಗೋಲು ಹೊಡೆದಿರಲಿಲ್ಲ. ನೀವು ಜಾಕೆಟ್‌ಗೆ ಬಗ್ಗಿದ್ದು ತಪ್ಪಲ್ಲ. ಟ್ಯಾಂಪಾದಲ್ಲೇ ಕೂತಿದ್ದವರಲ್ಲೂ ಎಷ್ಟೋ ಜನ ಇನ್ನೂ ಸೀಟಿಗೆ ಮರಳಿರಲಿಕ್ಕಿಲ್ಲ.

ಈಗ ನಿಮ್ಮ ಪ್ರಶ್ನೆ. ಯಾಕೆ ಇಷ್ಟು ನೋವು?

ಹೊರಗಿನ ಟೀಮ್‌ಗೆ ಇಷ್ಟೊಂದು ಅಳಬೇಕಾ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳುತ್ತಿದ್ದೀರಿ, ಅಲ್ವಾ? ಅದು ಹೊರಗಿನ ಟೀಮ್ ಆಗಿರಲಿಲ್ಲ. ಮೈನಸ್ ಇಪ್ಪತ್ತು ಡಿಗ್ರಿ ಚಳಿಯಲ್ಲಿ, ಐದು ಗಂಟೆಗೇ ಕತ್ತಲಾಗುವ ಊರಿನಲ್ಲಿ, ನಿಮ್ಮ ಹೆಸರನ್ನು ಸರಿಯಾಗಿ ಕರೆಯಲು ಬಾರದ ಜನರ ನಡುವೆ, ವಾರಕ್ಕೆ ಎರಡು ರಾತ್ರಿ ನೀವೂ ಎಲ್ಲರ ಹಾಗೆ ಮರೂನ್ ಬಣ್ಣದ ಅಂಗಿ ಹಾಕಿ ಕೂಗುವ ಒಂದು ಜಾಗ ಅದು. "ಸ್ಕೈ-ಯು-ಮಾ" ಅಂತ ಸಾವಿರಾರು ಜನ ಕೂಗುವಾಗ ಪಕ್ಕದಲ್ಲಿರುವವಳು ಎಲ್ಲಿಯವಳು ಅಂತ ಯಾರೂ ಕೇಳುವುದಿಲ್ಲ. ಪರದೇಶದಲ್ಲಿ ಒಂದು ಜಾಗ ನಿಮ್ಮನ್ನು ಒಳಗೆ ಕರೆದುಕೊಂಡಿತು. ಆ ಜಾಗ ಸೋತಿತು. ನೋವಾಗದೆ ಇರುತ್ತದಾ?

ಇನ್ನೊಂದು ಕಾರಣ ಇದೆ, ನನಗೆ ಅದೇ ದೊಡ್ಡದು ಅನಿಸುತ್ತದೆ. ದೇಶದ ಟೀಮ್ ಸೋತರೆ ನಾಲ್ಕು ವರ್ಷಕ್ಕೆ ಅದೇ ಆಟಗಾರರಲ್ಲಿ ಅರ್ಧ ಜನ ಮತ್ತೆ ಬರುತ್ತಾರೆ. ವೃತ್ತಿಪರ ಕ್ಲಬ್ ಸೋತರೆ ಮುಂದಿನ ತಿಂಗಳೇ ಇನ್ನೊಂದು ಪಂದ್ಯ. ಕಾಲೇಜು ಟೀಮ್ ಹಾಗಲ್ಲ. ಸೋತ ರಾತ್ರಿಯೇ ಅದು ಕಳಚಿಕೊಳ್ಳಲು ಶುರುವಾಗುತ್ತದೆ. ನಿಮ್ಮ ಟೀಮ್‌ನ ನಾಯಕ ಬ್ರಾಕ್ ಫೇಬರ್ ಫೈನಲ್ ಸೋತ ಮರುದಿನವೇ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಮಿನ್ನೆಸೋಟ ವೈಲ್ಡ್ ಜೊತೆ ಒಪ್ಪಂದ ಮಾಡಿಕೊಂಡ. ಅದೇ ದಿನ ಮ್ಯಾಥ್ಯೂ ನೈಸ್ ಟೊರಾಂಟೊ ಮೇಪಲ್ ಲೀಫ್ಸ್‌ಗೆ ಹೋದ. ಬೇಸಿಗೆಯಲ್ಲಿ ಲೋಗನ್ ಕೂಲಿಯೂ ಹೊರಟ. ಅವರನ್ನು ಯಾರೂ ದೂರುವಂತಿಲ್ಲ, ಹುಡುಗನೊಬ್ಬ ಚಿಕ್ಕಂದಿನಿಂದ ಕಂಡ ಕನಸು ಅದು. ಆದರೆ ನೀವು ಆರು ತಿಂಗಳು ನೋಡಿದ, ಯಾರು ಯಾರಿಗೆ ಪಾಸ್ ಕೊಡುತ್ತಾರೆ ಅಂತ ಕಣ್ಣು ಮುಚ್ಚಿ ಹೇಳಬಲ್ಲ ಆ ಟೀಮ್ ಇನ್ನು ಯಾವತ್ತೂ ಒಂದೇ ಐಸ್ ಮೇಲೆ ಇಳಿಯುವುದಿಲ್ಲ. ನೀವು ಅತ್ತಿದ್ದು ಒಂದು ಗೋಲಿಗಲ್ಲ. ಅವರನ್ನು ಬೀಳ್ಕೊಡಲು ಹತ್ತು ಸೆಕೆಂಡ್ ಕೂಡ ಪೂರ್ತಿ ಸಿಗಲಿಲ್ಲವಲ್ಲ, ಅದಕ್ಕೆ.

ನನಗಿದು ಪುಸ್ತಕ ಓದಿ ಗೊತ್ತಾಗಿದ್ದಲ್ಲ. ನಾನು ಓದಿದ ಕಾಲೇಜು ಒಮ್ಮೆ ಅಂತರ ಕಾಲೇಜು ಹಾಕಿ ಫೈನಲ್‌ಗೆ ಬಂದಿತ್ತು. ಆಗ ನಮಗೆ ಟರ್ಫ್ ಇರಲಿಲ್ಲ, ಜಲ್ಲಿ ಎದ್ದ ಮಣ್ಣಿನ ಮೈದಾನ. ನಾನು ಆಡುತ್ತಿರಲಿಲ್ಲ, ಗ್ಲೂಕೋಸ್ ನೀರಿನ ಬಕೆಟ್ ಹೊರುವವನು. ಕೊನೆಯ ನಿಮಿಷದಲ್ಲಿ ಒಂದು ಪೆನಾಲ್ಟಿ ಕಾರ್ನರ್‌ನಿಂದ ಸೋತೆವು. ವಾಪಸ್ ಬರುವ ಬಸ್ಸಿನಲ್ಲಿ ನಾಯಕ ಕಾಲಿನ ಪ್ಯಾಡ್ ಕೂಡ ಬಿಚ್ಚದೆ ಕಿಟಕಿಗೆ ತಲೆ ಆನಿಸಿ ಕೂತಿದ್ದ. ಬಸ್ಸು ದಾರಿಯಲ್ಲಿ ಚಹಾಕ್ಕೆ ನಿಂತಾಗ ಯಾರೂ ಇಳಿಯಲಿಲ್ಲ. ಡ್ರೈವರ್ ಒಬ್ಬನೇ ಇಳಿದು ಕುಡಿದು ಬಂದ. ಮುಂದಿನ ವರ್ಷ ಅದೇ ಮೈದಾನಕ್ಕೆ ಹೋದೆ. ಜರ್ಸಿ ಅದೇ, ನಂಬರ್ ಅದೇ, ಒಳಗಿದ್ದ ಹುಡುಗರು ಬೇರೆ. ಆ ದಿನ ನನಗೆ ಸೋತ ದಿನಕ್ಕಿಂತ ಜಾಸ್ತಿ ಬೇಜಾರಾಯಿತು. ಆಮೇಲೆ ಹೊಸ ಸೆಂಟರ್ ಹಾಫ್ ಒಬ್ಬ ಎರಡು ಜನರ ನಡುವೆ ಚೆಂಡು ತೂರಿಸಿದ. ನಾನು ಎದ್ದು ಕೂಗಿದೆ. ಕೂಗಿದ ಮೇಲೆ ಗೊತ್ತಾಯಿತು, ಇವರೂ ನಮ್ಮವರೇ ಆಗಿಬಿಟ್ಟಿದ್ದಾರೆ ಅಂತ.

ನೀವು ನೋವು ಪಟ್ಟ ಸಾಲಿನಲ್ಲಿ ನಿಮಗಿಂತ ಮುಂಚೆ ನಿಂತವರು ತುಂಬ ಇದ್ದಾರೆ. 1989ರಲ್ಲಿ ಇದೇ ಗೋಫರ್ಸ್, ಪಕ್ಕದ ಸೇಂಟ್ ಪಾಲ್ ನಗರದಲ್ಲೇ ಫೈನಲ್ ಆಡಿ ಹಾರ್ವರ್ಡ್‌ಗೆ ಹೆಚ್ಚುವರಿ ಅವಧಿಯಲ್ಲಿ 4-3ರಿಂದ ಸೋತರು. ಅದಕ್ಕೆ ಸ್ವಲ್ಪ ಮುಂಚೆ ಮಿನ್ನೆಸೋಟದ ರ‍್ಯಾಂಡಿ ಸ್ಕಾರ್ಡಾ ಹೊಡೆದ ಪಕ್ ಗೋಲಿನ ಕಂಬಕ್ಕೆ ಬಡಿದು ಹೊರಗೆ ಬಂದಿತ್ತು. ಒಂದೆರಡು ಇಂಚು ಒಳಗೆ ಹೋಗಿದ್ದರೆ ಕಥೆ ಬೇರೆ. ಮಿನ್ನೆಸೋಟದಲ್ಲಿ ತಲೆ ನರೆತ ಯಾವ ಗೋಫರ್ಸ್ ಅಭಿಮಾನಿಯನ್ನಾದರೂ ಆ ಕಂಬದ ಬಗ್ಗೆ ಕೇಳಿ ನೋಡಿ, ಮುಖ ನೋಡಿದರೇ ಗೊತ್ತಾಗುತ್ತದೆ. 2014ರಲ್ಲಿ ಮತ್ತೆ ಫೈನಲ್, ಯೂನಿಯನ್ ಅನ್ನುವ ಪುಟ್ಟ ಕಾಲೇಜಿನ ಎದುರು 7-4ರ ಸೋಲು.

ನಿಮ್ಮನ್ನು ಸೋಲಿಸಿದವರ ಕಥೆಯನ್ನೂ ಒಮ್ಮೆ ನೋಡಿ. ಸಿಟ್ಟಿದ್ದರೂ ಪರವಾಗಿಲ್ಲ, ನೋಡಿ. ಕ್ವಿನಿಪಿಯಾಕ್‌ನ ಕೋಚ್ ರ‍್ಯಾಂಡ್ ಪೆಕ್‌ನೋಲ್ಡ್ 1994ರಿಂದ ಅದೇ ಕಾಲೇಜಿನಲ್ಲಿದ್ದಾರೆ. 2013ರಲ್ಲಿ ಮೊದಲ ಸಲ ಫೈನಲ್‌ಗೆ ಬಂದರು, ಪಕ್ಕದೂರಿನ ಯೇಲ್ ಕೈಯಲ್ಲೇ 4-0 ಸೋತರು. ನೆರೆಯವರ ಮುಂದೆ ಸೋಲುವುದು ಅಂದರೆ ಏನು ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2016ರಲ್ಲಿ ಮತ್ತೆ ಬಂದರು, ನಾರ್ತ್ ಡಕೋಟಾ 5-1ರಿಂದ ಸೋಲಿಸಿತು. ಆ ಎರಡನೇ ಸೋಲು ಆಗಿದ್ದು ಎಲ್ಲಿ ಗೊತ್ತಾ? ಟ್ಯಾಂಪಾದ ಅದೇ ಅರೀನಾದಲ್ಲಿ. ಏಳು ವರ್ಷ ಬಿಟ್ಟು ಅದೇ ಐಸ್ ಮೇಲೆ ಗೆದ್ದರು. ನಿಮ್ಮ ಹಾಗೆಯೇ ಯಾರೋ ಒಬ್ಬ ವಿದ್ಯಾರ್ಥಿ 2016ರ ಆ ರಾತ್ರಿ ಕ್ವಿನಿಪಿಯಾಕ್ ಇರುವ ಹ್ಯಾಮ್ಡನ್‌ನಲ್ಲಿ ಟಿವಿ ಆರಿಸಿ ಮಾತಾಡದೆ ಮಲಗಿರಬೇಕು.

ಗೋಫರ್ಸ್ ಆಟವನ್ನು ಈಗಲೂ ನೋಡಿ. ಸಾಧ್ಯವಾದರೆ ಒಂದು ಚಳಿಗಾಲದ ಶುಕ್ರವಾರ ಮರಿಯೂಚಿಗೇ ಹೋಗಿ ಕೂತು ನೋಡಿ. ಆ ಹತ್ತು ಸೆಕೆಂಡಿನ ಗೋಲನ್ನೂ ಒಮ್ಮೆ ವಿಡಿಯೊದಲ್ಲಿ ಪೂರ್ತಿ ನೋಡಿಬಿಡಿ. ನೋಡದೆ ಇರುವುದಕ್ಕೇ ಅದು ನಿಮ್ಮೊಳಗೆ ಇನ್ನೂ ಮುಗಿದಿಲ್ಲ ಅಂತ ನನಗೆ ಅನಿಸುತ್ತದೆ. ಆಟ ಶುರು ಮಾಡಲು ಮಧ್ಯದಲ್ಲಿ ಪಕ್‌ಗಾಗಿ ಇಬ್ಬರು ಸೆಣಸುವ ಫೇಸ್-ಆಫ್ ಗೆದ್ದು, ಒಬ್ಬ ಹಿಂದಿನಿಂದ ಮುಂದಕ್ಕೆ ಕೊಟ್ಟು, ಸ್ಯಾಮ್ ಲಿಪ್ಕಿನ್ ಅದನ್ನು ಓಡುತ್ತಿದ್ದ ಕ್ವಿಲನ್‌ಗೆ ಕೊಟ್ಟ ರೀತಿ ತುಂಬ ಚೆಂದದ ಆಟ. ಅದು ಅದೃಷ್ಟದಿಂದ ಬಂದ ಗೋಲಲ್ಲ. ನಿಮ್ಮ ಹುಡುಗರು ಒಳ್ಳೆಯ ಆಟಕ್ಕೇ ಸೋತರು.

ಪ್ರಶ್ನೆ: ನಮ್ಮ ಮನೆಯಲ್ಲಿ ಎಲ್ಲರೂ ಹಾಕಿ ಆಡಿದವರೇ. ಐಸ್ ಹಾಕಿಯಲ್ಲಿ ಸೋಲುತ್ತಿರುವ ಟೀಮ್ ಕೊನೆಗೆ ತನ್ನ ಗೋಲ್‌ಕೀಪರನ್ನೇ ಹೊರಗೆ ಕರೆಸುತ್ತದೆ ಅಂತ ಕೇಳಿದೆ. ಬಾಗಿಲು ತೆರೆದಿಟ್ಟು ಯುದ್ಧಕ್ಕೆ ಹೋದ ಹಾಗಲ್ಲವೇ ಇದು?
— ಓದುಗರು, ವಿರಾಜಪೇಟೆ

ಉತ್ತರ: ಹೌದು, ಹಾಗೆಯೇ. ಆದರೆ ಲೆಕ್ಕ ಇಟ್ಟುಕೊಂಡು ಮಾಡುವ ಕೆಲಸ ಅದು. ಐಸ್ ಹಾಕಿಯಲ್ಲಿ ಒಂದು ಕಡೆ ಆರು ಜನ, ಗೋಲ್‌ಕೀಪರ್ ಸೇರಿ. ಇಪ್ಪತ್ತು ನಿಮಿಷದ ಮೂರು ಅವಧಿ. ಒಂದು ಗೋಲಿನಿಂದ ಹಿಂದಿದ್ದು ಮೂರು ನಿಮಿಷ ಉಳಿದಿದ್ದರೆ, ಒಂದರಿಂದ ಸೋತರೂ ಎರಡರಿಂದ ಸೋತರೂ ಸೋಲು ಸೋಲೇ. ಹಾಗಾಗಿ ಕೀಪರನ್ನು ಬೆಂಚಿಗೆ ಕರೆಸಿ ಆರನೆಯ ದಾಳಿಗಾರನನ್ನು ಇಳಿಸುತ್ತಾರೆ. ಮೇಲಿನ ಪತ್ರದ ಫೈನಲ್‌ನಲ್ಲಿ ಕ್ವಿನಿಪಿಯಾಕ್ 2-2 ಮಾಡಿದ್ದು ಹೀಗೆ ಬಲೆ ಖಾಲಿ ಬಿಟ್ಟಾಗಲೇ.

ಇದರ ಇನ್ನೂ ದೊಡ್ಡ ಉದಾಹರಣೆ 2009ರದ್ದು. ವಾಷಿಂಗ್ಟನ್‌ನಲ್ಲಿ ಫೈನಲ್. ಒಹಾಯೊದ ಮಯಾಮಿ ವಿಶ್ವವಿದ್ಯಾಲಯ 3-1 ಮುಂದಿದೆ. ಪಂದ್ಯದ ಕೊನೆಯ ನಿಮಿಷಗಳು. ಬಾಸ್ಟನ್ ಯೂನಿವರ್ಸಿಟಿ ಕೀಪರನ್ನು ಹೊರಗೆ ಕರೆಸಿತು. 59.5 ಸೆಕೆಂಡ್ ಇರುವಾಗ ಒಂದು ಗೋಲು, 17.4 ಸೆಕೆಂಡ್ ಇರುವಾಗ ಇನ್ನೊಂದು. ಹೆಚ್ಚುವರಿ ಅವಧಿಯಲ್ಲಿ ಮೂರನೆಯದು ಹಾಕಿ 4-3ರಿಂದ ಗೆದ್ದೇಬಿಟ್ಟರು. ಮಯಾಮಿಗೆ ಅದು ಮೊದಲ ಫೈನಲ್, ಅಲ್ಲಿಯ ಹುಡುಗರು ಬೆಂಚಿನಲ್ಲಿ ಎದ್ದು ನಿಂತು ಗಡಿಯಾರ ನೋಡುತ್ತಿದ್ದ ಹೊತ್ತು ಅದು. ಬಾಸ್ಟನ್ ಗೆದ್ದ ಆ ವಿಡಿಯೊ ನೋಡುವಾಗಲೆಲ್ಲ ನನ್ನ ಕಣ್ಣು ಮಯಾಮಿ ಬೆಂಚಿನ ಕಡೆಗೇ ಹೋಗುತ್ತದೆ.

ನಮ್ಮ ಹಾಕಿಯಲ್ಲೂ ಈಗ ಇದು ಹೊಸದಲ್ಲ. 2019ರ ನಿಯಮದ ಮೇಲೆ ಟೀಮ್ ಪೂರ್ತಿ ಉಡುಪಿನ ಕೀಪರನ್ನು ಇಳಿಸಬಹುದು, ಇಲ್ಲ ಹನ್ನೊಂದು ಜನರನ್ನೂ ಸಾಮಾನ್ಯ ಆಟಗಾರರಾಗಿ ಆಡಿಸಬಹುದು. ವ್ಯತ್ಯಾಸ ಇರುವುದು ಮೈದಾನದ ಅಳತೆಯಲ್ಲಿ. ನಮ್ಮಲ್ಲಿ 91 ಮೀಟರ್ ಓಡಿ ಹಿಂದೆ ಬರಬೇಕು. ಅಲ್ಲಿ ಸುಮಾರು 61 ಮೀಟರ್, ಅದೂ ಕಾಲಿಗೆ ಸ್ಕೇಟ್ ಕಟ್ಟಿಕೊಂಡು.

ಪ್ರಶ್ನೆ: ವಿಶ್ವವಿದ್ಯಾಲಯ ಮಟ್ಟದ ಫೈನಲ್‌ನಲ್ಲಿ ನಮ್ಮ ಕಾಲೇಜು ಹಾಕಿ ಟೀಮ್ ಸೋತಿತು. ಗೋಲ್‌ಕೀಪರ್ ಕಾಲಿನ ನಡುವೆ ಸುಲಭದ ಚೆಂಡು ಬಿಟ್ಟ. ಅಂದಿನಿಂದ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಅವನನ್ನು ಬೈಯುವುದೇ ಕೆಲಸವಾಗಿದೆ. ಅವನು ಗ್ರೂಪ್ ಬಿಟ್ಟು ಹೋದ, ಕ್ಲಾಸಿಗೂ ಬರುತ್ತಿಲ್ಲ. ನಾನೂ ಆ ದಿನ ಸಿಟ್ಟಿನಲ್ಲಿ ಒಂದು ಮಾತು ಬರೆದಿದ್ದೆ. ಈಗ ಏನು ಮಾಡಲಿ?
— ವಿದ್ಯಾರ್ಥಿ, ಧಾರವಾಡ

ಉತ್ತರ: ಇವತ್ತೇ ಅವನ ರೂಮಿಗೆ ಹೋಗಿ. ಮೆಸೇಜ್ ಬೇಡ. ನೀವೇ ಹೋಗಿ "ನಾನು ಬರೆದಿದ್ದು ತಪ್ಪಾಯಿತು" ಅನ್ನಿ. ಉತ್ತರದ ಮಿಕ್ಕ ಭಾಗವನ್ನು ಬಂದ ಮೇಲೆ ಓದಿದರೂ ಸಾಕು.

2015ರಲ್ಲಿ ಬಾಸ್ಟನ್ ಯೂನಿವರ್ಸಿಟಿ ಮತ್ತೆ ಫೈನಲ್‌ಗೆ ಬಂತು, ತನ್ನ ಊರಿನಲ್ಲೇ. ಪ್ರಾವಿಡೆನ್ಸ್ ಎದುರು 3-2 ಮುಂದಿತ್ತು. ಒಂಬತ್ತು ನಿಮಿಷ ಕೂಡ ಉಳಿದಿರಲಿಲ್ಲ. ಎದುರಾಳಿ ದೂರದಿಂದ ಸುಮ್ನೆ ಮೇಲೆ ಎತ್ತಿ ಕಳಿಸಿದ ಪಕ್ಕನ್ನು ಬಾಸ್ಟನ್ ಕೀಪರ್ ಮ್ಯಾಟ್ ಓಕಾನರ್ ಕೈಯಲ್ಲಿ ಹಿಡಿದ. ಹಿಡಿದಿದ್ದು ಜಾರಿತು. ಕಾಲ ಹತ್ತಿರ ಬಿದ್ದು, ಅವನಿಗೆ ಗೊತ್ತಾಗುವಷ್ಟರಲ್ಲಿ ಉರುಳಿ ಗೆರೆ ದಾಟಿತು. 3-3. ಸ್ವಲ್ಪ ಹೊತ್ತಿಗೆ ಪ್ರಾವಿಡೆನ್ಸ್ ಇನ್ನೊಂದು ಹಾಕಿ 4-3ರಿಂದ ಪ್ರಶಸ್ತಿ ಗೆದ್ದಿತು. ಆ ಒಂದು ಕ್ಷಣದ ವಿಡಿಯೊ ಎಲ್ಲ ಕಡೆ ಹರಿದಾಡಿತು. ಆದರೆ ಆ ರಾತ್ರಿ ಅದೇ ಹುಡುಗ 40ಕ್ಕೂ ಹೆಚ್ಚು ಹೊಡೆತ ತಡೆದಿದ್ದ. ಅವನು ಇಲ್ಲದೆ ಇದ್ದಿದ್ದರೆ ಮೂರನೇ ಅವಧಿಯವರೆಗೂ ಬಾಸ್ಟನ್ ಮುಂದಿರುತ್ತಿರಲಿಲ್ಲ. ತಡೆದ ನಲವತ್ತು ಯಾರಿಗೂ ನೆನಪಿಲ್ಲ, ಬಿಟ್ಟ ಒಂದು ಎಲ್ಲರಿಗೂ ನೆನಪಿದೆ. ಇದು ನನಗೆ ಇವತ್ತಿಗೂ ಅನ್ಯಾಯ ಅನಿಸುತ್ತದೆ.

ನಮ್ಮವರದ್ದೇ ಒಂದು ಕಥೆ ಹೇಳುತ್ತೇನೆ, ನಿಮ್ಮ ಗ್ರೂಪಿನಲ್ಲಿ ಹಾಕಿ. 1973ರ ವಿಶ್ವಕಪ್ ಫೈನಲ್, ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್‌ವೀನ್‌ನಲ್ಲಿ, ಆತಿಥೇಯರ ಎದುರು. ನಾಯಕ ನಮ್ಮ ಕೊಡಗಿನ ಎಂ.ಪಿ. ಗಣೇಶ್. ಭಾರತ 2-0 ಮುಂದಿತ್ತು. ಡಚ್ಚರು 2-2 ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ಒಂದು ಗೋಲು ಬಿದ್ದರೆ ಪಂದ್ಯವೇ ಮುಗಿಯುವ ಹೊತ್ತಿಗೆ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಹೊಡೆಯಲು ನಿಂತವರು ಕೊಡಗಿನವರೇ ಆದ ಬಿ.ಪಿ. ಗೋವಿಂದ, ಆ ಕಾಲದ ಅತ್ಯಂತ ವೇಗದ ಫಾರ್ವರ್ಡ್‌ಗಳಲ್ಲಿ ಒಬ್ಬರು. ಅದು ಗೋಲಾಗಲಿಲ್ಲ. ಕೊನೆಗೆ ಸ್ಟ್ರೋಕ್‌ಗಳಲ್ಲಿ ಭಾರತ 4-2ರಿಂದ ಸೋತಿತು. ವಿಶ್ವಕಪ್ ಕೈಗೆ ಬಂದು ಹೋದ ಹೊತ್ತು ಅದು. ಆದರೆ ಗೋವಿಂದರನ್ನು ಟೀಮ್ ಬಿಟ್ಟುಕೊಡಲಿಲ್ಲ, ಅವರೂ ಆಟ ಬಿಡಲಿಲ್ಲ. 1975ರಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಭಾರತ ವಿಶ್ವಕಪ್ ಗೆದ್ದಾಗ ಗೋವಿಂದ ಆ ಟೀಮ್‌ನಲ್ಲಿದ್ದರು. ಪುರುಷರ ಹಾಕಿಯಲ್ಲಿ ಭಾರತದ ಕೈಗೆ ಆ ಕಪ್ ಬಂದಿದ್ದು ಅದೊಂದೇ ಸಲ.

ನಿಮ್ಮ ಕೀಪರ್‌ಗೆ ಎರಡು ವರ್ಷ ಆಟ ಬಾಕಿ ಇದೆಯೋ ಏನೋ. ಅವನು ಪ್ಯಾಡ್ ಮತ್ತೆ ಕಟ್ಟುತ್ತಾನಾ ಇಲ್ಲವಾ ಅನ್ನುವುದು ಈಗ ನಿಮ್ಮ ಗ್ರೂಪಿನ ಮೂವತ್ತು ಜನರ ಮೇಲಿದೆ. ಎದುರಾಳಿ ಚೆಂಡು ವೃತ್ತದ ಒಳಗೆ ತರುವ ಮುಂಚೆ ಹತ್ತು ಜನರನ್ನು ದಾಟಿಯೇ ತಂದಿರುತ್ತಾರೆ. ಆ ಹತ್ತು ಜನರನ್ನು ಯಾರೂ ಬೈಯಲಿಲ್ಲವಲ್ಲ.

ಪ್ರಶ್ನೆ: ಕೋಚ್ ಹರ್ಬ್ ಬ್ರೂಕ್ಸ್ ಮಿನ್ನೆಸೋಟ ಕಾಲೇಜಿನವರೇನಾ?
— ಓದುಗರು, ಮೈಸೂರು

ಉತ್ತರ: ಹೌದು. ಅಲ್ಲೇ ಆಡಿ, ಅಲ್ಲೇ ಕೋಚ್ ಆದವರು. 1974, 1976, 1979ರ ಮೂರು ಪ್ರಶಸ್ತಿ ಅವರ ಕಾಲದವು. 1960ರ ಒಲಿಂಪಿಕ್ ಟೀಮ್‌ನಿಂದ ಕೊನೆಯ ಕ್ಷಣದಲ್ಲಿ ಅವರನ್ನು ಕೈಬಿಟ್ಟರು, ಆ ಟೀಮ್ ಚಿನ್ನ ಗೆದ್ದಿತು. ಅವರು ಮನೆಯಲ್ಲಿ ಕೂತು ನೋಡಬೇಕಾಯಿತು. ಇಪ್ಪತ್ತು ವರ್ಷದ ಮೇಲೆ, 1980ರಲ್ಲಿ ಲೇಕ್ ಪ್ಲ್ಯಾಸಿಡ್‌ನಲ್ಲಿ, ಕಾಲೇಜು ಹುಡುಗರನ್ನೇ ಕಟ್ಟಿಕೊಂಡು ಸೋವಿಯತ್ ಒಕ್ಕೂಟವನ್ನು 4-3ರಿಂದ ಸೋಲಿಸಿ, ಆಮೇಲೆ ಫಿನ್ಲೆಂಡನ್ನೂ ಸೋಲಿಸಿ ಚಿನ್ನ ತಂದರು. ಅದೇ ವರ್ಷ ಮಾಸ್ಕೋದಲ್ಲಿ ಭಾರತ ಸ್ಪೇನನ್ನು ಅದೇ 4-3ರಿಂದ ಸೋಲಿಸಿ ಹಾಕಿ ಚಿನ್ನ ಗೆದ್ದಿತು. ಆ ಟೀಮ್‌ನಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. ಎರಡು ಹಾಕಿ, ಒಂದೇ ವರ್ಷ, ಒಂದೇ ಅಂಕ. ನನಗೆ ತುಂಬ ಇಷ್ಟದ ನೆನಪು ಇದು.

ಪ್ರಶ್ನೆ: ಮಗ ಹಾಸ್ಟೆಲಿನಿಂದ ಫೋನ್ ಮಾಡಿ "ಸೋತ್ವಿ ಅಮ್ಮ" ಅಂದ. ಅವನ ಕಾಲೇಜು ಹಾಕಿ ಟೀಮ್ ಸೆಮಿಫೈನಲ್‌ನಲ್ಲಿ ಸೋತಿದೆ. ಅವನು ಆಡುವವನಲ್ಲ, ನೋಡುವವನು. "ಆಟ ತಾನೇ, ಬಿಡು, ಊಟ ಮಾಡಿದ್ಯಾ" ಅಂದೆ. ಫೋನ್ ಇಟ್ಟುಬಿಟ್ಟ. ನಾನು ಏನು ಹೇಳಬೇಕಿತ್ತು?
— ಓದುಗಿ, ಸೋಮವಾರಪೇಟೆ

ಉತ್ತರ: ಊಟದ ಬಗ್ಗೆ ಕೇಳಿದ್ದರಲ್ಲಿ ತಪ್ಪಿಲ್ಲ. "ಆಟ ತಾನೇ" ಅಂದಿದ್ದು ಅವನಿಗೆ ಚುಚ್ಚಿರಬೇಕು. ಅವನು ಸಮಾಧಾನ ಬೇಕು ಅಂತ ಫೋನ್ ಮಾಡಿರಲಿಲ್ಲ, ಹೇಳಿಕೊಳ್ಳಲು ಮಾಡಿದ್ದ. ಹಾಸ್ಟೆಲಿನಲ್ಲಿ ಇರುವವರೆಲ್ಲ ಪಂದ್ಯ ನೋಡಿದವರೇ, ಅಲ್ಲಿ ಯಾರಿಗೂ ಹೇಳುವ ಹಾಗಿಲ್ಲ. ನೋಡದೆ ಇದ್ದವರು ನೀವೊಬ್ಬರೇ.

ಹಾಗಾಗಿ ಇವತ್ತು ರಾತ್ರಿ ನೀವೇ ಫೋನ್ ಮಾಡಿ. ಸೋತಿದ್ದರ ಬಗ್ಗೆ ಏನೂ ಅನ್ನಬೇಡಿ. ಮೊದಲ ಗೋಲು ಯಾರು ಹೊಡೆದರು ಅಂತ ಕೇಳಿ. ಹೇಗೆ ಹೊಡೆದ ಅಂತ ಕೇಳಿ. ಅಲ್ಲಿಂದ ಅವನೇ ಹೇಳುತ್ತಾ ಹೋಗುತ್ತಾನೆ.